ಸಹಿ ಹೊಂದುತ್ತಿಲ್ಲ

ಮಾರ್ಚ್ ೪

ಅಕ್ಕ,

ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಿನ್ನ ಏಕಮಾತ್ರ ತಮ್ಮನಾದ ನಾನು ಇಂದು ಬೆಳಗ್ಗೆ ದೊಡ್ಡಾಸ್ಪತ್ರೆಯ ಹಳೇ ದಾಖಲೆ ವಿಭಾಗದ ಬಾಗಿಲನ್ನು ಕಂಡುಹಿಡಿದಿದ್ದೇನೆ. ಹಿಂದೆಲ್ಲ ಹಡಗಿನಲ್ಲಿ ಹೋಗಿ ಹೊಸ ನೆಲ ಕಂಡವರು ಅಲ್ಲೊಂದು ಬಾವುಟ ನೆಡುತ್ತಿದ್ದರಂತೆ. ನನ್ನ ಕೈಯಲ್ಲಿ ಕೊಡೆ ಇತ್ತು. ಅದನ್ನೇ ಊರಿಕೊಂಡು, ಎದೆ ಸೆಟೆಸಿ, ಬಾಗಿಲನ್ನು ತಳ್ಳಿದೆ. ತಳ್ಳಿದೆ, ಮತ್ತೆ ತಳ್ಳಿದೆ. "ಎಳೀರಿ" ಎಂದು ಒಳಗಿನಿಂದ ಕೂಗು ಬಂತು.

ಬಾಗಿಲಿಗೆ ಬೋರ್ಡಿಲ್ಲ. ಎಕ್ಸರೇ ಕೋಣೆ ದಾಟಿ, ಬಟ್ಟೆ ಒಗೆಯುವ ಜಾಗ ದಾಟಿ, ಕಾಲು ಮುರಿದ ಮಂಚಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟ ಓಣಿ ದಾಟಿ, ನೆಲದಡಿಗೆ ಮೆಟ್ಟಿಲಿಳಿಯಬೇಕು. ದಾರಿ ಕೇಳಿದವರೆಲ್ಲ "ಹಿಂದೆ" ಅಂದರು. ಯಾವುದರ ಹಿಂದೆ ಅಂತ ಒಬ್ಬರೂ ಹೇಳಲಿಲ್ಲ. ಹಿಂದೆ ಹಿಂದೆ ಹೋಗಿ ಹೋಗಿ ಎರಡು ಸಲ ಬೀದಿಗೇ ಬಂದುಬಿಟ್ಟೆ.

ಒಳಗೆ ಕಿಟಕಿ ಇಲ್ಲ. ಸೂರಿನವರೆಗೂ ಫೈಲು. ನಡುವೆ ಒಂದು ಮೇಜು, ಮೇಜಿನ ಹಿಂದೆ ಒಬ್ಬ ಮೇಡಂ, ಮೇಡಂ ಕೈಯಲ್ಲಿ ಒಂದು ಭೂತಗನ್ನಡಿ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಪ್ಪಿಸಿದೆ. "ಮೂವತ್ತು ವರ್ಷದ ಹಿಂದೆ ಇದೇ ಆಸ್ಪತ್ರೆಯವರು ನಮ್ಮಕ್ಕನ ತಲೆಯೊಳಗೆ ಉಬ್ಬಿದ ರಕ್ತನಾಳದ ಬುಡಕ್ಕೆ ಒಂದು ಲೋಹದ ಕ್ಲಿಪ್ಪು ಹಾಕಿದ್ದಾರೆ. ಈಗ ಅವಳ ಬಲಗೈ ಸೋಲುತ್ತಾ ಬರ್ತಿದೆ. ಅವಳೂರಿನ ಡಾಕ್ಟರು ಎಂಆರ್‌ಐ ಆಗಲೇಬೇಕು ಅಂತಾರೆ. ಆ ಯಂತ್ರ ಅಂದ್ರೆ ಒಂದು ದೊಡ್ಡ ಅಯಸ್ಕಾಂತವಂತೆ. ಕ್ಲಿಪ್ಪು ಯಾವ ಲೋಹದ್ದು ಅಂತ ಗೊತ್ತಾಗದೆ ಒಳಗೆ ಬಿಡೋದಿಲ್ಲವಂತೆ. ಅದು ನಿಮ್ಮ ಫೈಲಲ್ಲಿ ಇರುತ್ತೆ. ನಕಲು ಕೊಡಿ."

"ಪೇಷಂಟು ನೀವೇನಾ?"

"ಅಲ್ಲ, ತಮ್ಮ."

"ತಮ್ಮಂದಿರಿಗೆ ಕೊಡೋದಿಲ್ಲ."

"ಅಣ್ಣಂದಿರಿಗೆ ಕೊಡ್ತೀರಾ?"

ಮೇಡಂ ಭೂತಗನ್ನಡಿ ಎತ್ತಿ ನನ್ನ ಮುಖವನ್ನೇ ಒಮ್ಮೆ ನೋಡಿದರು. ತಪ್ಪಚ್ಚು ಹುಡುಕಿದ ಹಾಗೆ.

ಹೇಳಿದ್ದಿಷ್ಟು. ನೀನೇ ಬರಬೇಕು. ಬರಲಾಗದಿದ್ದರೆ "ನನ್ನ ತಮ್ಮನ ಕೈಗೆ ಕೊಡಿ" ಅಂತ ಒಂದು ಪತ್ರ, ನಿನ್ನ ಸಹಿ, ನಿನ್ನ ಗುರುತಿನ ಚೀಟಿಯ ನಕಲು. ಇಷ್ಟೇ. ಒಂದು ಸಹಿಯ ಕೆಲಸ. ವಾರದೊಳಗೆ ಮುಗಿಯುತ್ತದೆ. ಪತ್ರವನ್ನು ಬೇಗ ಕಳಿಸು.

ಫೋನಿನಲ್ಲೇ ಹೇಳಬಹುದಿತ್ತು ಅನ್ನಬೇಡ. ಅಪ್ಪ ಹೋದಾಗ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತುಗಳು ಇನ್ನೂ ತಂತಿಯಲ್ಲೇ ನೇತಾಡುತ್ತಿವೆ. ಕಾಗದವೇ ವಾಸಿ. ಬೈಯುವ ಮುಂಚೆ ಪೆನ್ನು ಹುಡುಕಬೇಕಾಗುತ್ತದೆ.

ಬಾಗಿಲು ಕಂಡ ಸಂತೋಷದಲ್ಲಿ,
ನಿನ್ನ ತಮ್ಮ


ಮಾರ್ಚ್ ೧೦

ಜೆರಾಕ್ಸ್ ಸಾಹುಕಾರರೇ,

ಬರೆಯುತ್ತಿರುವವಳು ನನ್ನ ಮಗಳು. ಹೇಳುತ್ತಿರುವವಳು ನಾನು. ಅಕ್ಷರ ಚೆನ್ನಾಗಿದ್ದರೆ ಅವಳದು, ಮಾತು ಚೆನ್ನಾಗಿದ್ದರೆ ನನ್ನದು.

ದೀಪದ ಬುಡದಲ್ಲೇ ಕತ್ತಲೆ ಅನ್ನುವ ಗಾದೆಯನ್ನು ನಿನ್ನನ್ನು ನೋಡಿಯೇ ಮಾಡಿರಬೇಕು. ಊರವರ ಅಂಕಪಟ್ಟಿ, ಬಾಡಿಗೆ ಕರಾರು, ಸತ್ತವರ ಸರ್ಟಿಫಿಕೇಟು, ಎಲ್ಲದಕ್ಕೂ ಮೂರು ಮೂರು ನಕಲು ತೆಗೆದು ಕೊಡುತ್ತೀಯ. ಒಡಹುಟ್ಟಿದವಳ ತಲೆಯದು ಒಂದೇ ಒಂದು ಕಾಗದ ಇತ್ತು. ಹೊಸದಾಗಿ ಲ್ಯಾಮಿನೇಶನ್ ಯಂತ್ರ ತಂದ ಉತ್ಸಾಹದಲ್ಲಿ "ಅಕ್ಕನ ಕಾಗದ ಅಜರಾಮರ ಆಗಲಿ" ಅಂತ ಅದನ್ನೇ ಮೊದಲು ತೂರಿಸಿದೆ. ಬಿಸಿ ತಾಗಿದರೆ ಕಪ್ಪಾಗುವ ಜಾತಿಯ ಕಾಗದ ಅದು. ಈ ಕಡೆಯಿಂದ ಡಿಸ್ಚಾರ್ಜ್ ಚೀಟಿ ಹೋಯಿತು, ಆ ಕಡೆಯಿಂದ ಅಮಾವಾಸ್ಯೆ ಹೊರಬಂತು. ನಿಜ, ಅಜರಾಮರವೇ ಆಗಿದೆ. ಇಷ್ಟು ವರ್ಷವಾದರೂ ಒಂದು ಸುಕ್ಕಿಲ್ಲ. ಡಾಕ್ಟರಿಗೆ ಅದನ್ನೇ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದು ಎಕ್ಸರೇನಾ?" ಅಂತ ಕೇಳಿದರು.

(ಮಾವ, ಇಲ್ಲಿ ಅಮ್ಮ ಇನ್ನೂ ನಾಲ್ಕು ಸಾಲು ಬೈದಳು. ನಾನು ಬರೆಯಲಿಲ್ಲ.)

ಕೈಯ ಸಂಗತಿ ಕೇಳಬೇಡ. ಕೇಳಿಲ್ಲ ನೀನು, ಆದರೂ ಹೇಳುತ್ತೇನೆ. ಸೂಜಿಯನ್ನು ನಾನು ಹಿಡಿದಿದ್ದೇನೆ ಅಂತ ಕಣ್ಣು ಹೇಳುತ್ತದೆ, ಬೆರಳು ಒಪ್ಪುವುದಿಲ್ಲ. ಒಬ್ಬರ ಕೋಟಿಗೆ ಕಾಜಾ ಮಾಡಲು ಕೂತವಳು ನನ್ನ ಸೀರೆಗೇ ಸೇರಿಸಿ ಹೊಲಿದಿದ್ದೆ. ಎದ್ದಾಗ ಕೋಟೂ ಜೊತೆಗೆ ಎದ್ದಿತು. ಗಿರಾಕಿ ನಕ್ಕರು, ನಾನೂ ನಕ್ಕೆ. ಅಂದಿನಿಂದ ಯಂತ್ರದ ಮೇಲೆ ಮಗಳು ಕೂರುತ್ತಾಳೆ. ನಾನು ಪಕ್ಕದಲ್ಲಿ ಕೂತು ಬೈಯುತ್ತೇನೆ. ಅಂಗಡಿ ನಡೆಯುತ್ತಿದೆ.

ಪತ್ರ, ಚೀಟಿಯ ನಕಲು, ಸಹಿ ಇಟ್ಟಿದ್ದೇನೆ. ಸಹಿ ಎಡಗೈಯದು. ಎಡಗೈಗೆ ಈ ವಯಸ್ಸಿನಲ್ಲಿ ಅಕ್ಷರಾಭ್ಯಾಸ. ಆಡಿಕೊಳ್ಳಬೇಡ.

ನಿನ್ನ ಅಕ್ಕ
(ಕೈಬರಹ: ನಿಮ್ಮ ಮುದ್ದಿನ ಸೊಸೆ. ಮಾವ, ಅಮ್ಮ ಬಟ್ಟಲನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ ಈಗ. ಇದನ್ನು ಅವಳು ಹೇಳಿ ಬರೆಸಲಿಲ್ಲ.)


ಮಾರ್ಚ್ ೧೯

ಅಕ್ಕ,

ಸಹಿ ಹೊಂದುತ್ತಿಲ್ಲ.

ಹೀಗೆ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ನನ್ನ ಅರ್ಧ ದಿನಕ್ಕೆ ಅವಮಾನ. ಆದ್ದರಿಂದ ವಿವರವಾಗಿ ಕೇಳು.

ಭೂತಗನ್ನಡಿ ಮೇಡಂ ಏಣಿ ಹತ್ತಿ ನಿನ್ನ ಫೈಲನ್ನು ಇಳಿಸಿದರು. ಇದೆ ಅಕ್ಕ, ಫೈಲು ಇದೆ! ಇಲಿ ತಿಂದಿಲ್ಲ, ಗೆದ್ದಲು ಹಿಡಿದಿಲ್ಲ. ದಿಂಬಿನಷ್ಟು ದಪ್ಪ, ಬಿಳೀ ಲಾಡಿ ಕಟ್ಟಿದೆ. ಧೂಳು ಕೊಡವಿ ಮೇಜಿನ ಮೇಲಿಟ್ಟರು. ನನಗೂ ಅದಕ್ಕೂ ನಡುವೆ ಒಂದು ಗೇಣು. ಅವರು ಲಾಡಿ ಬಿಚ್ಚಿ, ನೀನು ಆಗ ಮಾಡಿದ ಸಹಿ ಹುಡುಕಿ, ಈಗಿನದನ್ನು ಪಕ್ಕದಲ್ಲಿಟ್ಟು, ಗಾಜು ಹಿಡಿದು ಅತ್ತ ನೋಡಿದರು, ಇತ್ತ ನೋಡಿದರು.

ನಾನೂ ನೋಡಿದೆ. ಆ ಕಾಲದ ನಿನ್ನ ಸಹಿ ಎಂಥ ಪೊಗರಿನದು! ಕೊನೆಯ ಅಕ್ಷರದ ಬಾಲ ಕಾಗದದ ಅಂಚಿನವರೆಗೂ ಓಡಿದೆ. ಓಟಕ್ಕೆ ಬಿಟ್ಟ ಕುದುರೆ. ಈಗಿನದು, ಬೇಜಾರು ಮಾಡಿಕೊಳ್ಳಬೇಡ, ಮೊಟ್ಟೆಯಿಂದ ಈಗತಾನೆ ಹೊರಬಂದ ಕೋಳಿಮರಿ.

"ಇವೆರಡೂ ಒಬ್ಬರದೇನಾ?" ಅಂದರು ಮೇಡಂ.

"ಒಬ್ಬರದೇ. ನಡುವೆ ಮೂವತ್ತು ವರ್ಷ ಇದೆ. ಕೈಯೂ ಬೇರೆ ಕೈ."

"ಕೈ ಬೇರೆ ಆದ್ರೆ ಸಹಿ ಬೇರೆ. ಸಹಿ ಬೇರೆ ಆದ್ರೆ ಆಗೋಲ್ಲ."

"ಹೆಬ್ಬೆಟ್ಟು ಒತ್ತಿಸಿಕೊಂಡು ಬರ್ಲಾ?"

"ಹೆಬ್ಬೆಟ್ಟು ಓದುಬರಹ ಬಾರದವರಿಗೆ. ಇವರು ಆವಾಗಲೇ ಸಹಿ ಹಾಕಿದಾರಲ್ಲ."

"ಹಾಗಾದ್ರೆ ನಮ್ಮಕ್ಕ ಓದುಬರಹ ಮರೆತುಬಿಟ್ಟಳು ಅಂತ ಬರ್ಕೊಳ್ಳಿ."

"ಮರೆತಿದ್ದಕ್ಕೆ ಸರ್ಟಿಫಿಕೇಟು ಇದೆಯಾ?"

ಅಷ್ಟರಲ್ಲಿ ಊಟದ ಹೊತ್ತಾಯಿತು. ಇಲ್ಲಿಯ ಕ್ರಮ ಹೀಗಿದೆ: ಊಟಕ್ಕೆ ಹೋಗುವಾಗ ಮೇಡಂ ಹೊರಗಿನಿಂದ ಬೀಗ ಹಾಕುತ್ತಾರೆ. ಒಳಗಿದ್ದವರು ಹೊರಗೆ ಹೋಗಬಹುದು, ಆದರೆ ವಾಪಸು ಬಂದರೆ ಸಾಲಿನ ಕೊನೆ. ನನ್ನ ಹಿಂದೆ ಮೆಟ್ಟಿಲಿನವರೆಗೂ ಜನ ಇದ್ದರು. "ಒಳಗೇ ಇರ್ತೀನಿ" ಅಂದೆ. ಮೇಡಂ ಫೈಲನ್ನು ಜಾಲರಿ ಬೀರುವಿಗೆ ಹಾಕಿ, ಅದಕ್ಕೊಂದು ಬೀಗ, ನನಗೊಂದು ಬೀಗ ಹಾಕಿ ನಡೆದರು.

ಹೀಗೆ ನಾನು ಮತ್ತು ನೀನು ಆ ನೆಲಮಾಳಿಗೆಯಲ್ಲಿ ಒಟ್ಟಿಗೆ ಸೆರೆಯಾಗಿದ್ದೆವು. ನೀನು ಜಾಲರಿಯ ಒಳಗೆ, ನಾನು ಹೊರಗೆ. ಮೇಲೆ ಎಲ್ಲೋ ಗಾಲಿಮಂಚ ಉರುಳುವ ಸದ್ದು. ಜಾಲರಿಯ ಕಿಂಡಿಯಲ್ಲಿ ಬೆರಳು ತೂರಿಸಿದೆ. ಲಾಡಿಯ ತುದಿ ಸಿಕ್ಕಿತು. ಸ್ವಲ್ಪ ಎಳೆದೆ. ಆಮೇಲೆ ಬುದ್ಧಿ ಬಂದು ಬಿಟ್ಟುಬಿಟ್ಟೆ. ಎಳೆದರೂ ಬಾಗಿಲಿಗೆ ಬೀಗ ಇದೆಯಲ್ಲ. ಕಳ್ಳನಿಗೂ ಒಂದು ಅನುಕೂಲ ಬೇಡವೇ?

ಊಟ ಮುಗಿಸಿ ಬಂದ ಮೇಡಂ ಒಂದು ದಾರಿ ತೋರಿಸಿದ್ದಾರೆ. ನಿನ್ನ ಬಲಗೈಗೆ ಸಹಿ ಮಾಡಲು ಆಗುತ್ತಿಲ್ಲ ಅಂತ ನಿನ್ನ ಡಾಕ್ಟರು ಬರೆದುಕೊಡಬೇಕು. ಯಾವ ಕಾರಣಕ್ಕೆ ಆಗುತ್ತಿಲ್ಲ ಅನ್ನುವುದನ್ನೂ ಬರೆಯಬೇಕು. ಅದೊಂದು ಬಂದರೆ ಆಯಿತು. ಒಂದೇ ಒಂದು ಚೀಟಿ.

ಬೀಗದಿಂದ ಬಿಡುಗಡೆಯಾದ,
ನಿನ್ನ ತಮ್ಮ


ಮಾರ್ಚ್ ೨೬

ಸಾಹುಕಾರರೇ,

ಒಂದೇ ಒಂದು ಚೀಟಿಯ ಕಥೆ ಕೇಳುವಂಥವನಾಗು.

ಡಾಕ್ಟರು ಬರೆದುಕೊಟ್ಟರು. ಧಾರಾಳವಾಗಿ ಬರೆದರು. "ಬಲಗೈ ದುರ್ಬಲವಾಗಿದೆ, ಸಹಿ ಮಾಡಲಾಗದು." ಬಹಳ ಸಂತೋಷ. "ಕಾರಣ?" ಅಂದೆ. ಅವರು ಪೆನ್ನಿನ ಕ್ಯಾಪು ಕಚ್ಚಿಕೊಂಡು ಯೋಚಿಸಿ ಬರೆದರು: "ಎಂಆರ್‌ಐ ಆದ ನಂತರ ತಿಳಿಯುವುದು."

ಗೊತ್ತಾಯಿತೇ? ಫೈಲು ಬರದೆ ಸ್ಕ್ಯಾನಿಲ್ಲ. ಸ್ಕ್ಯಾನಾಗದೆ ಕಾರಣವಿಲ್ಲ. ಕಾರಣವಿಲ್ಲದೆ ಸಹಿ ನಡೆಯುವುದಿಲ್ಲ. ಸಹಿ ನಡೆಯದೆ ಫೈಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇದರೊಳಗೆ ನಾನು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೇನೆ. ಎತ್ತಿಗಾದರೂ ಕೊನೆಗೆ ಹಿಂಡಿ ಸಿಗುತ್ತದೆ.

ಬೇರೆ ಪರೀಕ್ಷೆ ಇಲ್ಲವೇ ಅಂತ ಕೇಳಿದೆ. ಇದೆಯಂತೆ. ತೊಡೆಯ ರಕ್ತನಾಳದಿಂದ ತಲೆಯವರೆಗೆ ಬಣ್ಣ ಹರಿಸಿ ನೋಡುವುದು. ಅದಕ್ಕೆ ಅದರದೇ ಅಪಾಯ ಇದೆಯಂತೆ, ಸುಮ್ಮಸುಮ್ಮನೆ ಮಾಡುವುದಿಲ್ಲವಂತೆ. ಎಂಆರ್‌ಐ ಆಗುವುದೇ ಇಲ್ಲ ಅಂತ ಕಾಗದದಲ್ಲಿ ಖಾತ್ರಿಯಾದರೆ ಮಾತ್ರ ಅದು.

ಇನ್ನೊಂದು ಸುದ್ದಿ. ಬಲಗೈ ನಡೆಸುತ್ತಿರುವ ಮುಷ್ಕರಕ್ಕೆ ಬಲಗಾಲೂ ಬೆಂಬಲ ಸೂಚಿಸಿದೆ. ಹೊಸ್ತಿಲು ದಾಟುವಾಗ ಅದನ್ನು ಎತ್ತಿಕೊಂಡು ಹೋಗಬೇಕು, ಹಟ ಮಾಡುವ ಕೂಸನ್ನು ಎತ್ತಿಕೊಂಡ ಹಾಗೆ. ನಾಲ್ಕು ಗೋಡೆ, ಒಂದು ಮಂಚ, ಒಂದು ಕಿಟಕಿ. ಕಿಟಕಿಯ ಎದುರು ಪಕ್ಕದ ಮನೆಯ ಗೋಡೆ. ಅದರ ಪ್ರತಿಯೊಂದು ಬಿರುಕೂ ನನಗೆ ಪರಿಚಯ.

ಅದಕ್ಕೇ ನಾನೊಂದು ತೀರ್ಮಾನ ಮಾಡಿದ್ದೇನೆ. ಬಸ್ ನಿಲ್ದಾಣದ ಹತ್ತಿರ ಇನ್ನೊಂದು ಸ್ಕ್ಯಾನ್ ಸೆಂಟರ್ ಇದೆ. ಅಲ್ಲಿ ಯಾರೂ ಫೈಲು ಕೇಳುವುದಿಲ್ಲ. ಬಾಗಿಲಲ್ಲಿ ಒಂದು ಪ್ರಶ್ನೆ ಕೇಳುತ್ತಾರಂತೆ, "ಮೈಯೊಳಗೆ ಲೋಹ ಏನಾದರೂ ಇದೆಯಾ?" ಅಂತ. "ಇಲ್ಲ" ಅಂದರೆ ಒಳಗೆ. ಕೂದಲು ಮುಚ್ಚಿಕೊಂಡರೆ ಗಾಯದ ಗುರುತು ಯಾರಿಗೆ ಕಾಣುತ್ತದೆ? ಬರುವ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರಕ್ಕೆ ಸಮಯ ಗೊತ್ತುಮಾಡಿದ್ದೇನೆ. ಆ ಕ್ಲಿಪ್ಪು ಒಳ್ಳೆಯ ಲೋಹದ್ದೇ ಇರುತ್ತದೆ. ಹೊರಗಿನ ಅಂಗಡಿಯಿಂದ ಕೊಂಡು ತಂದುಕೊಟ್ಟವರು ಅಪ್ಪ. ಅಪ್ಪ ಕಳಪೆ ಸಾಮಾನು ತಂದದ್ದು ನೀನು ಕಂಡಿದ್ದೀಯಾ?

ನೀನು ಪಟ್ಟ ಶ್ರಮಕ್ಕೆ ನಾನು ಋಣಿ. ಇನ್ನು ಆ ಮೆಟ್ಟಿಲು ಇಳಿಯಬೇಡ.

ಅಕ್ಕ

(ಲಕೋಟೆಯೊಳಗೆ ಬೇರೆ ಚೀಟಿ)
ಮಾವ, ಇದು ಅಮ್ಮನಿಗೆ ಗೊತ್ತಿಲ್ಲ. ಅವಳು ತಮಾಷೆಗೆ ಹೇಳುತ್ತಿಲ್ಲ. ಹೋಗುವ ದಿನದ ಸೀರೆಗೆ ಇಸ್ತ್ರಿ ಹಾಕಿಸಿಟ್ಟಿದ್ದಾಳೆ. ನಾನು ಬೇಡ ಅಂದರೆ "ನೀನು ಹುಟ್ಟುವ ಮುಂಚಿನಿಂದ ಇದು ನನ್ನ ತಲೆ" ಅನ್ನುತ್ತಾಳೆ. ಪತ್ರ ಬರೆಯುತ್ತಾ ಕೂರಬೇಡಿ. ಫೋನ್ ಮಾಡಿ.


ಏಪ್ರಿಲ್ ೧

ಅಕ್ಕ,

ನಿನ್ನೆಯ ಫೋನಿನ ಬಗ್ಗೆ ಏನೂ ಬರೆಯುವುದಿಲ್ಲ ಅಂತ ಕೂತಿದ್ದೇನೆ. ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಫೋನು ಬೇಡ ಅನ್ನುವ ಒಪ್ಪಂದ ಮುರಿದವನು ನಾನು. ಮೊದಲು ದನಿ ಏರಿಸಿದವಳು ನೀನು. ಅಪ್ಪನ ವಿಷಯ ಎತ್ತಿದವರು ಇಬ್ಬರೂ. ಅಪ್ಪನದೂ ನನ್ನದೂ ಕಲ್ಲೆದೆ ಅಂತ ನೀನು ಅಂದದ್ದರಲ್ಲಿ ಅರ್ಧ ನಿಜ. ಯಾವ ಅರ್ಧ ಅಂತ ನಾನು ಹೇಳುವುದಿಲ್ಲ. ನನ್ನ ಅಂಗಡಿಯಲ್ಲಿ ಯಾರೋ "ಎರಡೂ ಬದಿ ಬೇಕು, ಎರಡೂ ಬದಿ" ಅನ್ನುತ್ತಾ ಹಾಳೆ ಆಡಿಸುತ್ತಿದ್ದರು. ನಿನ್ನ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಆಮೇಲೆ ನೀನು "ಆಯ್ತು, ಬರ್ತೀನಿ" ಅಂದೆ. ಹೇಗೆ ಬರುತ್ತೀ ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಈಗ ಕೆಲಸದ ಮಾತು. ರೈಲಿನಲ್ಲಿ ಕೆಳಗಿನ ಮಲಗುವ ಸೀಟು. ನಿಲ್ದಾಣಕ್ಕೆ ಗಾಲಿಕುರ್ಚಿ ತರುತ್ತೇನೆ. ಆಸ್ಪತ್ರೆಯ ಲಿಫ್ಟು ಆಕಾಶಕ್ಕೆ ಬೇಕಾದರೆ ಹೋಗುತ್ತದೆ, ನೆಲಮಾಳಿಗೆಗೆ ಇಳಿಯುವುದಿಲ್ಲ. ಮೆಟ್ಟಿಲಲ್ಲಿ ಕುರ್ಚಿ ಸಮೇತ ಎತ್ತಿ ಇಳಿಸುತ್ತೇವೆ. ನೀನು ಮಹಾರಾಣಿಯ ಹಾಗೆ ಕೂತಿರು. ಕೆಳಗೆ ನೋಡಬೇಡ, ನನಗೆ ಬೈಯಬೇಡ. ಬೈದರೆ ನನಗೆ ನಗು ಬರುತ್ತದೆ, ನಕ್ಕರೆ ಕೈ ಸಡಿಲವಾಗುತ್ತದೆ.

ಆ ಗುರುವಾರ ಹೊರಗೆಲ್ಲೂ ಹೋಗಬೇಡ. ಸೊಸೆ ಬಾಗಿಲಿಗೆ ಬೀಗ ಹಾಕಿದರೆ ನನ್ನ ಅಪ್ಪಣೆ ಎಂದು ತಿಳಿ.

ತಮ್ಮ


ಏಪ್ರಿಲ್ ೬

ಮಾವ,

ಸೀಟು ಸಿಕ್ಕಿದೆ. ಹನ್ನೆರಡನೇ ತಾರೀಕು ಬೆಳಗ್ಗೆ ಅಲ್ಲಿರುತ್ತೇವೆ.

ಅಮ್ಮ ನಾನಿಲ್ಲದಾಗ ಏನೋ ಮಾಡುತ್ತಾಳೆ ಅಂತ ಅನುಮಾನವಿತ್ತು. ನಿನ್ನೆ ಗುಂಡಿ, ದಾರ ತರಲು ಹೋಗಿ ಬಂದಾಗ ಕಸದ ಬುಟ್ಟಿಯಲ್ಲಿ ಹಾಳೆಗಳು ಸಿಕ್ಕಿದವು. ಒಂದರ ತುಂಬಾ ಅವಳ ಸಹಿ. ಬಲಗೈಯಲ್ಲಿ ಮಾಡಿದ್ದು. ಒಂದೂ ಪೂರ್ತಿಯಾಗಿಲ್ಲ. ಬಾಲ ಎಳೆಯುವ ಜಾಗದಲ್ಲಿ ಪೆನ್ನು ಜಾರಿ ಹೋಗಿದೆ, ಎಲ್ಲದರಲ್ಲೂ.

ಹಾಳೆಗಳನ್ನು ಬುಟ್ಟಿಯಲ್ಲೇ ಬಿಟ್ಟೆ. ನೀವೂ ಗೊತ್ತಿದೆ ಅಂತ ತೋರಿಸಿಕೊಳ್ಳಬೇಡಿ.

ಸೊಸೆ


ಏಪ್ರಿಲ್ ೧೬

ಅಕ್ಕ,

ಸುಖವಾಗಿ ಮನೆ ಸೇರಿದೆಯಂತೆ, ಸೊಸೆ ಹೇಳಿದಳು. ಮೆಟ್ಟಿಲ ಮೇಲೆ ನಾನು ನಿನ್ನನ್ನು ಒಂದು ಸಲ ಜಗ್ಗಿದ್ದಕ್ಕೆ ನೀನು ಊರಿಗೆಲ್ಲ "ಬೀಳಿಸಿದ" ಅಂತ ಹೇಳುತ್ತಿರುವುದೂ ತಿಳಿಯಿತು. ಬೀಳಿಸಲಿಲ್ಲ. ವಾಲಿಸಿದೆ.

ನೀನು ಅಲ್ಲಿ ಇದ್ದೆ, ನಿಜ. ಆದರೂ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ತಲೆ ತಗ್ಗಿಸಿದ್ದವಳಿಗೆ ಎದುರಿನವರ ಮುಖ ಹೇಗೆ ಕಾಣಬೇಕು? ನಾನು ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೇಡಂ ನಿನ್ನ ಗುರುತಿನ ಚೀಟಿ ನೋಡಿದರು, ನಿನ್ನನ್ನು ನೋಡಿದರು, "ಇಲ್ಲಿ ಸಹಿ ಹಾಕಿ" ಅಂದರು. ನೀನು ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟೆ. ಪೆನ್ನು ಸಿಕ್ಕಿಸಿಕೊಂಡೆ. ಮೊದಲ ಅಕ್ಷರ ಬಂತು. ಎರಡನೆಯದಕ್ಕೆ ಪೆನ್ನು ಬಿದ್ದು ನೆಲಕ್ಕೆ ಉರುಳಿತು. ನಾನು ಬಗ್ಗಿ ಹುಡುಕುತ್ತಾ ಬೇಕೆಂದೇ ತಡ ಮಾಡಿದೆ. ಮೇಲೇಳುವ ಹೊತ್ತಿಗೆ ನೀನು ಮೇಡಂ ಪೆನ್ನನ್ನೇ ಎಡಗೈಗೆ ತೆಗೆದುಕೊಂಡು ಕೋಳಿಮರಿ ಬರೆದು ಮುಗಿಸಿದ್ದೆ.

ಗಾಜು ಬಂತು. ಅತ್ತ ನೋಡಿದರು, ಇತ್ತ ನೋಡಿದರು. "ಹೊಂದ್ತಿಲ್ಲ."

"ಎದುರಿಗೇ ಕೂತಿದಾರಲ್ರೀ!" ಅಂತ ಸೊಸೆ ಕೂಗಿದಳು.

"ಕೂತಿರೋರು ಅವರೇ ಅಂತ ಫೈಲು ಹೇಳ್ಬೇಕಲ್ಲಮ್ಮಾ. ಚೀಟಿ ಈಗಿಂದು. ಫೈಲಲ್ಲಿ ಇರೋ ಹುಡುಗಿ ಇವರೇ ಅಂತ ಹೇಳೋಕೆ ನನ್ ಹತ್ರ ಇರೋದು ಆ ಸಹಿ ಒಂದೇ."

ಆಗ ನೀನು ಮುಂದಕ್ಕೆ ಬಾಗಿದೆ. ಹಣೆಯನ್ನು ಆ ಮೇಜಿಗೆ, ಆ ಕಾಗದಗಳ ಮೇಲೇ ಇಟ್ಟುಬಿಟ್ಟೆ. ಸೋತು ಬಿದ್ದೆ ಅಂತಲೇ ತಿಳಿದು ನಾನು ನಿನ್ನ ಭುಜ ಹಿಡಿದೆ. ನೀನು ಎಡಗೈಯಿಂದ ಕೂದಲನ್ನು ಎರಡು ಪಾಲು ಮಾಡಿ, "ನಿಮ್ಮ ಡಾಕ್ಟರು ಮಾಡಿದ ಸಹಿ ಇಲ್ಲಿದೆ. ಇದಾದ್ರೂ ಹೊಂದುತ್ತಾ ನೋಡಿ" ಅಂದೆ. ಮೇಜಿಗೆ ಮುಖ ಇಟ್ಟುಕೊಂಡು ಅಂದದ್ದಕ್ಕೆ ಬಾವಿಯೊಳಗಿಂದ ಬಂದ ಹಾಗೆ ಬಂತು ಮಾತು.

ಇಲ್ಲಿಂದ ನಿನಗೆ ಕಾಣದ ಭಾಗ.

ಮೇಡಂ ಕೈ ಅಭ್ಯಾಸದಿಂದ ಗಾಜನ್ನು ಎತ್ತಿತು. ನಗಬೇಡ, ನಿಜವಾಗಿ ಗಾಜು ಹಿಡಿದು ನಿನ್ನ ತಲೆ ನೋಡಿದರು. ಕಿವಿಯ ಮೇಲಿಂದ ಶುರುವಾಗಿ ಹಣೆಯ ಕಡೆಗೆ ಬಾಗಿದ ಗೆರೆಯನ್ನು ಕೊನೆಯವರೆಗೂ ನೋಡಿದರು. ಫೈಲು ತಿರುವಿದರು. ಆಪರೇಶನ್ ಹಾಳೆಯಲ್ಲಿ ಯಾವನೋ ಡಾಕ್ಟರು ಪೆನ್ನಿನಲ್ಲಿ ಒಂದು ತಲೆ ಬರೆದು, ಅದರ ಮೇಲೆ ಬಾಗಿದ ಗೆರೆ ಎಳೆದಿದ್ದಾನೆ. ಮೇಡಂ ಬೆರಳು ಚಿತ್ರದ ಗೆರೆಯ ಮೇಲೆ ಹೋಯಿತು, ಆಮೇಲೆ ನಿನ್ನ ತಲೆಯ ಮೇಲೆ, ಮುಟ್ಟದೆ, ಗಾಳಿಯಲ್ಲೇ, ಅದೇ ದಾರಿಯಲ್ಲಿ ಹೋಯಿತು. ಕೊನೆಯಲ್ಲಿ ಗೆರೆ ಒಂಚೂರು ಕೊಕ್ಕೆಯಾಗಿದೆ. ಚಿತ್ರದಲ್ಲೂ ಕೊಕ್ಕೆ ಇದೆ. ಅಲ್ಲಿ ಬೆರಳು ನಿಂತಿತು.

ಅವರು ಗಾಜನ್ನು ಕೆಳಗಿಟ್ಟು ಅರ್ಜಿಯ ಮೇಲೆ ಬರೆದರು: "ಗುರುತು ಹೊಂದುತ್ತದೆ." ನೀನು ತಲೆ ಎತ್ತುವಷ್ಟರಲ್ಲಿ ಅವರ ಮುಖ ಮತ್ತೆ ಆಫೀಸಾಗಿತ್ತು. "ಕಾಗದದ ಮೇಲೆ ಮಲಗಬೇಡಿ, ಮಡಿಕೆ ಬೀಳುತ್ತೆ" ಅಂದದ್ದು ಮಾತ್ರ ನಿನಗೆ ಕೇಳಿಸಿದ್ದು.

ನಿಮ್ಮನ್ನು ಮೆಟ್ಟಿಲು ಹತ್ತಿಸಿ ನಾನು ವಾಪಸು ಇಳಿದಾಗ ಮೇಡಂ ತಾವಾಗಿಯೇ ಹೇಳಿದರು. ಹಿಂದೆ ಒಬ್ಬ ಗಂಡ ಹೆಂಡತಿಯ ಸಹಿ ತಾನೇ ಹಾಕಿಕೊಂಡು ಬಂದು ಅವಳ ಫೈಲಿನ ನಕಲು ಒಯ್ದನಂತೆ. ಕೋರ್ಟಿನಲ್ಲಿ ಅದನ್ನು ಹಿಡಿದು "ಇವಳಿಗೆ ತಲೆ ಸರಿ ಇಲ್ಲ" ಅಂತ ಸಾಧಿಸಿ ಮಕ್ಕಳನ್ನು ಕಿತ್ತುಕೊಂಡನಂತೆ. "ಆ ಸಹಿನ ನಾನು ಸರಿಯಾಗಿ ನೋಡಿರ್ಲಿಲ್ಲ ರೀ" ಅಂದರು. ಅವರ ಮೇಲಿನ ಸಿಟ್ಟನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ, ಅದೂ ಕೈ ಬಿಟ್ಟಿತು.

ಇನ್ನು ಸೂಪರಿಂಟೆಂಡೆಂಟರ ಸಹಿ ಬೀಳಬೇಕು. ಅವರು ಊರಲ್ಲಿಲ್ಲ. ಬಂದ ಕೂಡಲೇ ನಕಲು.

ವಾಲಿಸಿದ, ಬೀಳಿಸದ,
ತಮ್ಮ


ಏಪ್ರಿಲ್ ೨೭

ಅಕ್ಕ,

ಮುಖ್ಯವಾದದ್ದನ್ನು ಆಗಲೇ ಫೋನಿನಲ್ಲಿ ಹೇಳಿದ್ದೇನೆ. ನಾವಿಬ್ಬರೂ ಜಗಳವಾಡದೆ ಫೋನು ಇಟ್ಟೆವು ಅನ್ನುವುದನ್ನು ಸಾಕ್ಷಿ ಇಟ್ಟು ಬರೆದಿಡಬೇಕು. ಉಳಿದದ್ದು ಇಲ್ಲಿದೆ.

ಆಸ್ಪತ್ರೆಯ ಜೆರಾಕ್ಸ್ ಯಂತ್ರ ಕೆಟ್ಟಿತ್ತು. ಫೈಲು ಒಂಟಿಯಾಗಿ ಹೊರಗೆ ಹೋಗುವ ಹಾಗಿಲ್ಲ. ಆದ್ದರಿಂದ ಮೇಡಂ ತಾವೇ ಅದನ್ನು ಎದೆಗವಚಿಕೊಂಡು, ರಸ್ತೆ ದಾಟಿ, ಯಾರ ಅಂಗಡಿಗೆ ಬರಬೇಕು? ಸ್ಟೂಲಿನ ಮೇಲೆ ಕೂತು, "ಒಂದೊಂದೇ ಹಾಳೆ ಕೊಡ್ತೀನಿ, ಒಂದೊಂದೇ ವಾಪಸು ಕೊಡಿ" ಅಂದರು. ಇಷ್ಟು ವರ್ಷ ಈ ಯಂತ್ರದ ಮುಂದೆ ನಿಂತಿದ್ದೇನೆ. ಯಾರ ಕಾಗದವನ್ನೂ ಓದಿಲ್ಲ. ಓದಿದರೆ ಈ ಕೆಲಸ ಮಾಡಲಾಗುವುದಿಲ್ಲ. ಈ ಸಲ ಓದಿದೆ.

ಒಂದು ಹಾಳೆಯಲ್ಲಿ ನರ್ಸು ಬರೆದಿದ್ದಾಳೆ: "ರೋಗಿ ಎಚ್ಚರವಾಗಿದ್ದಾರೆ. ಹೊಲಿಗೆ ಯಂತ್ರ ಯಾವಾಗ ತುಳಿಯಬಹುದು ಎಂದು ಕೇಳುತ್ತಿದ್ದಾರೆ." ತಲೆ ತೆರೆದು ಮುಚ್ಚಿದ ಮಾರನೆಯ ದಿನ!

ಇನ್ನೊಂದರಲ್ಲಿ ಅಪ್ಪನ ಒಪ್ಪಿಗೆ ಸಹಿ. ತನಗೇನೂ ಭಯವಾಗಿರಲಿಲ್ಲ, ಧೈರ್ಯವಾಗಿ ಸಹಿ ಹಾಕಿದೆ ಅಂತ ಹೇಳುತ್ತಿದ್ದರಲ್ಲ? ಆ ಸಹಿಯನ್ನು ನೋಡು ಅಕ್ಕ. ನಿನ್ನ ಎಡಗೈಯದೇ ವಾಸಿ. ಯಂತ್ರದ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ನಿಂತಿದ್ದೆ. ಮೇಡಂ "ಆಯ್ತಾ?" ಅಂದರು. "ಬಿಸಿ ಆಗ್ತಿದೆ" ಅಂದೆ.

ಆಪರೇಶನ್ ಹಾಳೆಯ ಕೊನೆಯಲ್ಲಿ ಕ್ಲಿಪ್ಪಿನ ಪೊಟ್ಟಣದ ಚೀಟಿ ಅಂಟಿಸಿದೆ. ಮಾದರಿ, ನಂಬರು ಎಲ್ಲ ಸ್ಪಷ್ಟ. ಇಲ್ಲಿಯ ಮಿದುಳಿನ ಡಾಕ್ಟರಿಗೆ ತೋರಿಸಿದೆ. "ಹಳೇ ಕಾಲದ ಉಕ್ಕು ಇದು, ಅಯಸ್ಕಾಂತಕ್ಕೆ ಸೆಳೆಯುತ್ತೆ. ಎಂಆರ್‌ಐ ಹತ್ತಿರಕ್ಕೂ ಬಿಡಬೇಡಿ, ಕ್ಲಿಪ್ಪು ತಿರುಗಿಬಿಡುತ್ತೆ" ಅಂದರು. "ತಿರುಗಿದ್ರೆ ಏನಾಗುತ್ತೆ ಡಾಕ್ಟ್ರೇ?" ಅಂದೆ. ಅವರು ಕಾಗದಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. ಅಷ್ಟೇ.

ಅಪ್ಪ ಆ ದಿನಕ್ಕೆ ಸಿಗುತ್ತಿದ್ದ ಒಳ್ಳೆಯದನ್ನೇ ತಂದಿದ್ದರು. ಅದರಲ್ಲಿ ಅನುಮಾನವಿಲ್ಲ.

ಇದರ ಜೊತೆ ಎರಡು ಪ್ರತಿ ಇಟ್ಟಿದ್ದೇನೆ. ಒಂದು ನಿನಗೆ, ಒಂದು ನಿನ್ನ ಡಾಕ್ಟರಿಗೆ. ಡಾಕ್ಟರು ಎಷ್ಟು ಒಳ್ಳೆಯವರಾದರೂ ನಿನ್ನ ಪ್ರತಿ ಕೊಡಬೇಡ. ಇನ್ನೊಂದು ಪ್ರತಿ ಸೊಸೆಗೆ ಬೇರೆ ಅಂಚೆಯಲ್ಲಿ ಬರುತ್ತದೆ. ಒಂದು ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ, ಹಾಗೇ, ಬರೀ ಲಕೋಟೆಯಲ್ಲಿ.

ಆ ಗುರುವಾರದ ಬಗ್ಗೆ ನಾನಿನ್ನು ಮಾತಾಡುವುದಿಲ್ಲ. ನೀನೂ ಬೇಡ.

ನಿನ್ನ ತಮ್ಮ


ಮೇ ೨೪

ತಮ್ಮಾ,

ಇದು ನಾನೇ ಬರೆದದ್ದು. ಅಕ್ಷರ ಅಲ್ಲಲ್ಲಿ ಎದ್ದು ಓಡಿದರೆ ನೀನೇ ಹಿಡಿದು ಸಾಲಿಗೆ ನಿಲ್ಲಿಸಿಕೊ. ಮಗಳನ್ನು ಕರೆಯಲಿಲ್ಲ, ಮಧ್ಯೆ ಬಾಯಿ ಹಾಕುತ್ತಾಳೆ.

ಡಾಕ್ಟರು ಆ ಹಾಳೆಯನ್ನು ಓದಿ ಕುರ್ಚಿಗೆ ಒರಗಿ ಕೂತರು. "ಇದನ್ನು ತರಿಸಿದವರು ಯಾರು?" ಅಂದರು. "ನನ್ನ ತಮ್ಮ, ಜೆರಾಕ್ಸ್ ಅಂಗಡಿ" ಅಂದೆ. ಆಮೇಲೆ ತಡ ಮಾಡಲಿಲ್ಲ. ಬಣ್ಣದ ಪರೀಕ್ಷೆ ಆಯಿತು. ಕ್ಲಿಪ್ಪಿನ ಪಕ್ಕದಲ್ಲೇ ರಕ್ತನಾಳ ಮತ್ತೆ ಉಬ್ಬಿ ಒತ್ತುತ್ತಿತ್ತಂತೆ. ತೊಡೆಯ ದಾರಿಯಲ್ಲೇ ಹೋಗಿ ಅದನ್ನು ಮುಚ್ಚಿದ್ದಾರೆ. ಈ ಸಲ ತಲೆ ತೆರೆಯಲಿಲ್ಲ. ಹೊರಡುವ ದಿನ ಅವರು ಬಾಯಿ ಬಿಡುವ ಮುಂಚೆಯೇ ಎಲ್ಲ ಕಾಗದದ ನಕಲು ಕೇಳಿದೆ. ನರ್ಸು ಮುಖ ಸಿಂಡರಿಸಿದಳು. ಸಿಂಡರಿಸಿಕೊಂಡೇ ಕೊಟ್ಟಳು.

ಕೈಯ ಮಾತು. ಇನ್ನು ಮುಂದೆ ಸೋಲುವುದಿಲ್ಲವಂತೆ. ಕಾಲು ಸ್ವಲ್ಪ ಸುಧಾರಿಸೀತು ಅಂತಾರೆ. ಆದರೆ ಕೈಯಲ್ಲಿ ಹೋದದ್ದು ಹೋಯಿತು. ಮೂರು ತಿಂಗಳು ಮುಂಚೆ ಬಂದಿದ್ದರೆ ಅಂತ ಡಾಕ್ಟರು ಶುರು ಮಾಡಿದರು. ಮಗಳು ಅಲ್ಲೇ ನಿಂತಿದ್ದಳು. "ಮುಂಚೆ ಬರುವ ದಾರಿ ಇರಲಿಲ್ಲ" ಅಂತ ಹೇಳಿ ಮಾತು ಬದಲಿಸಿದೆ. ಅವಳೆದುರು ಅಳುವುದಿಲ್ಲ. ಕಿಟಕಿಯ ಎದುರಿನ ಗೋಡೆ ಇದೆಯಲ್ಲ, ಅದಕ್ಕೆ ಎಲ್ಲ ಗೊತ್ತು.

ಅಪ್ಪನ ಸಹಿ ನೋಡಿದೆ. ಬಹಳ ಹೊತ್ತು ನೋಡಿದೆ. ಆ ಫೋನಿನಲ್ಲಿ ನಾನು ಅಂದದ್ದರಲ್ಲಿ ಅರ್ಧ ನಿಜ ಅಂದಿದ್ದೆಯಲ್ಲ, ಅಷ್ಟೂ ಇಲ್ಲ.

ನಿನ್ನೆ ಎಡಗೈಯಲ್ಲಿ ಬಟ್ಟೆ ಕತ್ತರಿಸಲು ಕೂತೆ. ಗೆರೆ ಹಾಕುವುದು ಬಂತು. ಕತ್ತರಿ ಮಾತ್ರ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅದರ ಅಲಗು ಬಲಗೈಗೆಂದೇ ಕೂಡಿಸಿದ್ದಂತೆ. ಇಷ್ಟು ವರ್ಷ ಹಿಡಿದಿದ್ದರೂ ನನಗೆ ಗೊತ್ತಿರಲಿಲ್ಲ. ಎಡಗೈಯವರಿಗೆ ಬೇರೆಯೇ ಕತ್ತರಿ ಬರುತ್ತದಂತೆ, ಇಲ್ಲಿ ಯಾರ ಹತ್ತಿರವೂ ಇಲ್ಲ. ನಿನ್ನೂರಿನಲ್ಲಿ ಹೊಲಿಗೆ ಸಾಮಾನು ಮಾರುವವರಲ್ಲಿ ಒಮ್ಮೆ ವಿಚಾರಿಸು. ದೊಡ್ಡದು ಬೇಕು, ಕೋಟಿನ ಬಟ್ಟೆ ತಡೆಯುವಂಥದು. ಅಂಗಡಿಯವರ ಮಾತು ನಂಬಿ ತರಬೇಡ. ದಪ್ಪ ಬಟ್ಟೆಯ ಒಂದು ತುಂಡು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ನಿನ್ನ ಎಡಗೈಯಲ್ಲೇ ಹಿಡಿದು, ಕತ್ತರಿಸಿ ನೋಡಿ ತಾ.

ಅಕ್ಕ